ಮುತ್ತಜ್ಜನ ಅಪ್ಪ ಯಾರು? ‘ಬಿನ್’ ಒಂದನ್ನೇ ನಂಬಬೇಡಿ

ವಂಶವೃಕ್ಷ ಬರೆಯಲು ಕೂತವರು ಹೆಚ್ಚಾಗಿ ಎಡವುವುದು ಮುತ್ತಜ್ಜನ ಹತ್ತಿರ. ಅವರ ಹೆಸರು ಗೊತ್ತಿರುತ್ತದೆ. ಅವರ ಅಪ್ಪ ಯಾರು ಎಂದರೆ ಕ್ರಯಪತ್ರ ‘ಬಿನ್’ (ಇಂಥವರ ಮಗ) ಎಂದು ಒಂದು ಹೆಸರು ಹೇಳುತ್ತದೆ, ಮನೆಯ ಹಿರಿಯರು ಇನ್ನೊಂದು. ಆಗ ಮುದ್ರೆ ಬಿದ್ದ ಕಾಗದವನ್ನು ನಂಬಿ, ಅಜ್ಜಿಯ ಮಾತನ್ನು ಅಳಿಸಿಬಿಡುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ತಪ್ಪು ತಿದ್ದಿಕೊಳ್ಳಲು ನನಗೆ ವರ್ಷಗಳೇ ಹಿಡಿದವು.

ಹೆಜ್ಜೆ 1: ಕಾಗದ ಕೂಡಿಸಿ
ಉಪನೋಂದಣಿ ಕಚೇರಿಯಿಂದ ಹಳೆಯ ಪತ್ರಗಳ ನಕಲು, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಖಾತೆ ಬದಲಾವಣೆಯ ದಾಖಲೆ, ಶಾಲೆಯ ದಾಖಲಾತಿ ಪುಸ್ತಕ, ಜಾತಕ, ಲಗ್ನಪತ್ರಿಕೆ. ಬೆಂಗಳೂರಿನವರು ಒಂದು ನೆನಪಿಡಿ: ದಂಡು ಪ್ರದೇಶ (ಕಂಟೋನ್ಮೆಂಟ್) 1947ರವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು, ಪೇಟೆ ಮೈಸೂರು ಸಂಸ್ಥಾನದ್ದು. ಎರಡೂ ಕಡೆಯ ಪುರಸಭೆಗಳು ಒಂದಾದದ್ದು 1949ರಲ್ಲಿ. ದಂಡಿಗೆ ಸೇರಿದ ಹಲಸೂರಿನಲ್ಲಿದ್ದವರನ್ನು ಪೇಟೆಯ ದಾಖಲೆಯಲ್ಲಿ ಹುಡುಕಿ ‘ಸಿಗಲಿಲ್ಲ’ ಎನ್ನಬೇಡಿ.

ಹೆಜ್ಜೆ 2: ಹೇಳಿದವರು ಯಾರು?
ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು. ಪ್ರತಿ ಜೆರಾಕ್ಸ್‌ನ ಹಿಂದೆ ಪೆನ್ಸಿಲಿನಲ್ಲಿ ಮೂರು ಸಾಲು ಬರೆಯಿರಿ: ಈ ಮಾತು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು, ಹೇಳಿದ್ದರಿಂದ ಅವರಿಗೇನು ಲಾಭ.

ನಾನು ನೋಡಿದ ಒಂದು ಶಾಲಾ ಪುಸ್ತಕದಲ್ಲಿ ಕಾಲಂನ ತಲೆಬರಹ ‘ತಂದೆ ಅಥವಾ ಪೋಷಕರ ಹೆಸರು’ ಎಂದಿತ್ತು. ಆ ‘ಅಥವಾ’ ನೋಡದೆ ಮುಂದೆ ಹೋದರೆ ಕೆಟ್ಟಿರಿ. ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಂತು, 1918ರಲ್ಲಿ ಇನ್‌ಫ್ಲುಯೆಂಜಾ. ಅಪ್ಪ ತೀರಿಕೊಂಡ ಮಕ್ಕಳು ಸೋದರಮಾವನ ಮನೆಯಲ್ಲಿ ಬೆಳೆದರು, ಶಾಲೆಗೆ ಸೇರಿಸಿದವರೂ ಮಾವನೇ. ಪೋಷಕ ಎಂದು ಬಿದ್ದ ಅವರ ಹೆಸರು ಮುಂದೆ ಸರ್ಟಿಫಿಕೇಟಿಗೆ ತಂದೆಯ ಹೆಸರಾಗಿ ಹೋಯಿತು, ಅಲ್ಲಿಂದ ಸರ್ವಿಸ್ ರಿಜಿಸ್ಟರಿಗೆ, ಪಿಂಚಣಿ ಕಾಗದಕ್ಕೆ. ನಾಲ್ಕು ಕಾಗದ ಒಂದೇ ಮಾತು ಹೇಳುತ್ತವೆ ಎಂದು ಹಿಗ್ಗಬೇಡಿ. ನಾಲ್ಕಕ್ಕೂ ಬಾಯಿ ಒಂದೇ, ಸಾಕ್ಷಿಯೂ ಒಂದೇ.

ನಾಡಕಚೇರಿಯ ವಂಶವೃಕ್ಷ ಪತ್ರವನ್ನೂ ಹೀಗೇ ನೋಡಬೇಕು. ಅರ್ಜಿ ಕೊಟ್ಟವರು ಅಫಿಡವಿಟ್‌ನಲ್ಲಿ ಬರೆದದ್ದೇ ಅದರ ಬುಡ. ಆಸ್ತಿಯ ಕೆಲಸಕ್ಕೆ ಸರಿ, ಮುತ್ತಜ್ಜನ ಅಪ್ಪನನ್ನು ತೋರಿಸಲು ಸಾಲದು. ಬೇರೆಯವರ ಮರವನ್ನು ಒಂದೇ ಒತ್ತಿಗೆ ನಿಮ್ಮದಕ್ಕೆ ಜೋಡಿಸಿಕೊಡುವ ಆ್ಯಪ್‌ಗಳನ್ನಂತೂ ಮುಟ್ಟಲೇಬೇಡಿ. ಒಬ್ಬರ ಊಹೆ ನೂರು ಮನೆಗೆ ಹಬ್ಬುವುದು ಅಲ್ಲಿಂದಲೇ.

ಹೆಜ್ಜೆ 3: ದತ್ತು ಇತ್ತೇ?
ಪತ್ರದಲ್ಲಿ ‘ಬಿನ್’ ಎಂದರೆ ಇಂಥವರ ಮಗ. ಹೆತ್ತ ಮಗನೋ ದತ್ತು ಬಂದವನೋ ಅದು ಹೇಳುವುದಿಲ್ಲ. ಶ್ರಾದ್ಧದಲ್ಲಿ ಹೇಳುವ ಮೂರು ತಲೆಮಾರಿನ ಹೆಸರೂ ಸಾಮಾನ್ಯವಾಗಿ ದತ್ತು ಪಡೆದ ಮನೆಯದೇ. ಹಾಗಾಗಿ ಕ್ರಯಪತ್ರ, ಶ್ರಾದ್ಧ ಎರಡೂ ಹೊಂದಿದವು ಎಂದು ಗಂಟು ಹಾಕಿಬಿಡಬೇಡಿ. ಹುಟ್ಟಿದ ಮನೆಯ ವಿಭಾಗಪತ್ರದಲ್ಲಿ ಹೆಸರಿಲ್ಲ ಎಂಬುದೂ ಪುರಾವೆಯಲ್ಲ: ದತ್ತು ಹೋದವನಿಗೆ ಸಾಮಾನ್ಯವಾಗಿ ಅಲ್ಲಿ ಪಾಲು ಇರುತ್ತಿರಲಿಲ್ಲ.

ಹಿರಿಯರನ್ನು ‘ಅವರು ಯಾರ ಮಗ?’ ಎಂದು ನೇರವಾಗಿ ಕೇಳಬೇಡಿ, ಮನೆಯ ಗೌರವಕ್ಕೆ ಒಪ್ಪುವ ಉತ್ತರ ಬರುತ್ತದೆ. ಯಾರ ಮನೆಯ ಸಾವಿಗೆ ಎಷ್ಟು ದಿನ ಸೂತಕ ಹಿಡಿಯುತ್ತಿದ್ದರು, ಯಾವ ಮನೆಗೆ ಹೆಣ್ಣು ಕೊಟ್ಟು ತರುತ್ತಿರಲಿಲ್ಲ ಎಂದು ಕೇಳಿ. ನಮ್ಮ ಗಂಟು ಬಿಡಿಸಿದ್ದು ಸೋದರತ್ತೆಯ ಒಂದು ಮಾತು: “ಆ ಮನೇಲಿ ಯಾರು ಹೋದ್ರೂ ನಮ್ಮಜ್ಜ ಮೂರೇ ದಿನ ಹಿಡೀತಿದ್ರು ಕಣೋ. ಹೆಣ್ಣು ಮಾತ್ರ ಅಲ್ಲಿಂದ ತರ್ತಿರಲಿಲ್ಲ.” ದತ್ತು ಹೋದವರು ಹುಟ್ಟಿದ ಮನೆಯ ಸಾವಿಗೆ ಸೂತಕ ಹಿಡಿಯುವುದು ಕಡಿಮೆ ದಿನ, ಹೆಣ್ಣನ್ನಂತೂ ಅಲ್ಲಿಂದ ತರುವುದಿಲ್ಲ. ಅಂದರೆ ಅದು ಮುತ್ತಜ್ಜ ಹುಟ್ಟಿದ ಮನೆ; ಕ್ರಯಪತ್ರದಲ್ಲಿದ್ದದ್ದು ದತ್ತು ಪಡೆದ ತಂದೆಯ ಹೆಸರು, ಅಜ್ಜಿ ಹೇಳಿದ್ದು ಹೆತ್ತ ತಂದೆಯದು. ಕ್ರಯಪತ್ರವೂ ಸುಳ್ಳಾಡಿರಲಿಲ್ಲ, ಅಜ್ಜಿಯೂ ಸುಳ್ಳಾಡಿರಲಿಲ್ಲ.

ಹೆಜ್ಜೆ 4: ಜಗಳಕ್ಕೆ ಮುಂಚಿನ ಮಾತಿಗೆ ತೂಕ ಹೆಚ್ಚು
1872ರ ಸಾಕ್ಷ್ಯ ಕಾಯ್ದೆಯ 32ನೇ ಸೆಕ್ಷನ್, ತೀರಿಹೋದವರು ನೆಂಟಸ್ತಿಕೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತಿದ್ದುದು ಆ ಮಾತು ವ್ಯಾಜ್ಯ ಏಳುವ ಮೊದಲು ಬಂದಿದ್ದರೆ. 2023ರ ಹೊಸ ಕಾಯ್ದೆಯಲ್ಲೂ ಈ ನಿಯಮ ಉಳಿದಿದೆ. ಮನೆಯಲ್ಲೂ ಇದನ್ನೇ ಪಾಲಿಸಿ. ಆಸ್ತಿ ಕೇಸಿನ ನಡುವೆ ಹುಟ್ಟಿದ ವಂಶಾವಳಿಗಿಂತ, ಯಾವ ಲಾಭವೂ ಇಲ್ಲದೆ ಬರೆದ ಹಳೆಯ ಅಂಚೆ ಕಾರ್ಡು ಮೇಲು.

ಜಾತಕದಲ್ಲಿ ಬರೀ ‘ರಕ್ತಾಕ್ಷಿ ಸಂವತ್ಸರ’ ಎಂದಿದ್ದರೆ, ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, ಅದು 1864ರದ್ದೂ ಆಗಬಹುದು, 1924ರದ್ದೂ ಆಗಬಹುದು. ತಿಥಿ, ವಾರ ಎರಡನ್ನೂ ಪಂಚಾಂಗದೊಡನೆ ತಾಳೆ ನೋಡಿ.

ಡಿಎನ್‌ಎ ಪರೀಕ್ಷೆಗೆ ದುಡ್ಡು ಸುರಿಯುವ ಮೊದಲು ಯೋಚಿಸಿ. ಗಂಡುಸಂತಾನದಲ್ಲಿ ಇಳಿಯುವ ವೈ ಕ್ರೋಮೋಸೋಮ್ ಅಣ್ಣತಮ್ಮಂದಿರಲ್ಲಿ ಒಂದೇ. ದಾಯಾದಿಯ ಮಗನನ್ನೇ ದತ್ತು ತಂದಿದ್ದರೆ ಅದು ಏನನ್ನೂ ಬಿಡಿಸಿ ಹೇಳದು. ಸೋದರಮಾವನಿಗೇ ಕೊಟ್ಟು ತಂದ ಮನೆತನಗಳಲ್ಲಿ ದೂರದ ನೆಂಟರೂ ಪರೀಕ್ಷೆಯಲ್ಲಿ ಹತ್ತಿರದವರಂತೆ ಕಾಣುತ್ತಾರೆ.

ಹೆಜ್ಜೆ 5: ಬರೆಯಿರಿ
ದತ್ತು ಪಡೆದ ತಂದೆಗೆ ಗಟ್ಟಿ ಗೆರೆ, ಹೆತ್ತ ತಂದೆಗೆ ಚುಕ್ಕಿ ಗೆರೆ. ಚುಕ್ಕಿ ಗೆರೆಯ ಪಕ್ಕದಲ್ಲಿ ಹೇಳಿದವರ ಹೆಸರು, ಹೇಳಿದ ದಿನ. ನಮ್ಮ ಮರದಲ್ಲಿ ಮುತ್ತಜ್ಜನನ್ನು ಹೆತ್ತ ತಾಯಿಯ ಚೌಕ ಖಾಲಿ ಇದೆ. ಯಾವ ಪತ್ರದಲ್ಲೂ ಆಕೆಯ ಹೆಸರಿಲ್ಲ, ಅತ್ತೆಗೂ ನೆನಪಿಲ್ಲ. ಆ ಮನೆಯ ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಇಡುತ್ತಿದ್ದ ಹೆಸರನ್ನೇ ಬರೆದುಬಿಡು ಎಂದವರಿದ್ದಾರೆ. ಬರೆದಿಲ್ಲ. ನೀವೂ ಬರೆಯಬೇಡಿ, ಚೌಕ ಮಾತ್ರ ಬಿಡಿ.