ಕಚ್ಚದ ಇಲಿ ಶಾಂತವಾದ ಇಲಿಯೇ?

ಯಾರಾದರೂ ಬಂದು "ಈ ಔಷಧ ಕೊಟ್ಟ ಮೇಲೆ ಇಲಿ ಜಗಳ ನಿಲ್ಲಿಸಿತು" ಅಂದರೆ ನಾನು ಮೊದಲು ಕೇಳುವುದು ಒಂದೇ: ಅದು ಓಡಾಡುತ್ತಿತ್ತಾ? ನಿದ್ದೆಗಣ್ಣಿನ ಪ್ರಾಣಿ ಯಾರನ್ನೂ ಕಚ್ಚುವುದಿಲ್ಲ. ಅದಕ್ಕೆ ಸಿಟ್ಟು ಇಳಿದಿದೆ ಅಂತ ಅರ್ಥ ಅಲ್ಲ, ಅಲ್ವಾ?

ಲ್ಯಾಬಿನಲ್ಲಿ ನಾನು ಮಾಡುವುದು ರೆಸಿಡೆಂಟ್-ಇಂಟ್ರೂಡರ್ ಪರೀಕ್ಷೆ, ಅಂದರೆ ಪಂಜರದ ಯಜಮಾನ ಇಲಿಯ ಮುಂದೆ ಒಬ್ಬ ಹೊಸಬನನ್ನು ಬಿಟ್ಟು ನೋಡುವುದು. ಒಂದು ಗಂಡಿಲಿಯನ್ನು ಹೆಣ್ಣಿನ ಜೊತೆ ಕೆಲವು ವಾರ ಒಂದೇ ಪಂಜರದಲ್ಲಿ ಇಡುತ್ತೇನೆ. ಈ ಜಾಗ ತನ್ನದು ಅಂತ ಅದಕ್ಕೆ ಖಾತ್ರಿಯಾಗಬೇಕು. ಪರೀಕ್ಷೆ ಹತ್ತಿರ ಬಂದಾಗ ಕೆಳಗಿನ ಹಾಸನ್ನು ಬದಲಿಸುವುದಿಲ್ಲ, ವಾಸನೆ ಹೋದರೆ ಯಜಮಾನಿಕೆಯೂ ಹೋದಂತೆ. ಕತ್ತಲ ಹೊತ್ತಿನಲ್ಲಿ, ಮಂದ ಕೆಂಪು ಬೆಳಕಿನಲ್ಲಿ ಹೆಣ್ಣನ್ನು ಹೊರಗೆ ತೆಗೆದು, ಗುಂಪಿನಲ್ಲಿ ಬೆಳೆದ, ತೂಕದಲ್ಲಿ ಸ್ವಲ್ಪ ಕಡಿಮೆ ಇರುವ ಇನ್ನೊಂದು ಗಂಡಿಲಿಯನ್ನು ಒಳಗೆ ಬಿಡುತ್ತೇನೆ.

ಮೊದಲು ಮೂಸಾಟ. ಮುಖ, ಪಕ್ಕೆ, ಬಾಲದ ಬುಡ. ಆಮೇಲೆ ಯಜಮಾನನ ಬಾಲ ಹಾಸಿನ ಮೇಲೆ ಪಟಪಟ ಬಡಿಯತೊಡಗುತ್ತದೆ. ಮೈ ಅಡ್ಡ ತಿರುಗುತ್ತದೆ, ಬೆನ್ನು ಗೂನಾಗುತ್ತದೆ. ನಂತರ ಒಂದೇ ನೆಗೆತ. ಹಲ್ಲು ನಾಟುವುದು ಹೆಚ್ಚಾಗಿ ಬೆನ್ನು, ಸೊಂಟದ ಕಡೆಗೆ. ಹೊಸಬ ಹಿಂಗಾಲ ಮೇಲೆ ಎದ್ದು ಮುಂಗಾಲು ಚಾಚಿ ಅಲುಗಾಡದೆ ನಿಂತರೆ ಸೋಲು ಒಪ್ಪಿಕೊಂಡ ಹಾಗೆ. ಮೊದಲ ಕಡಿತದಿಂದ 5 ನಿಮಿಷ ಅಷ್ಟೇ ಬಿಡುವುದು. ಗಾಯವಾಗುತ್ತದೆ ಅನಿಸಿದರೆ ಆಗಲೇ ಬೇರ್ಪಡಿಸುತ್ತೇನೆ.

ಔಷಧಕ್ಕೆ ಮುಂಚೆ ಸುಮ್ನೆ ಹೀಗೇ ಕೆಲವು ಸಲ ನೋಡಿ, ಪ್ರತಿ ಇಲಿಯ ಮಾಮೂಲಿ ಜೋರು ಎಷ್ಟು ಅಂತ ಬರೆದುಕೊಳ್ಳುತ್ತೇನೆ. ಆಮೇಲೆ ಅದೇ ಇಲಿಗೆ ಒಂದು ದಿನ ಸಲೈನ್ (ಔಷಧವಿಲ್ಲದ ಉಪ್ಪುನೀರು), ಬಿಡುವು ಕೊಟ್ಟು ಇನ್ನೊಂದು ದಿನ ಔಷಧ, ಮತ್ತೊಂದು ದಿನ ಬೇರೆ ಡೋಸ್. ಯಾವ ದಿನ ಏನು ಕೊಟ್ಟಿದ್ದು ಅಂತ ವಿಡಿಯೋ ನೋಡುವವರಿಗೆ ಗೊತ್ತಿರಬಾರದು.

ನಿಜವಾದ ಕೆಲಸ ಆ ವಿಡಿಯೋದ್ದೇ. ಕೀಬೋರ್ಡಿನ ಒಂದೊಂದು ಕೀಗೆ ಒಂದೊಂದು ನಡವಳಿಕೆ: ಕಚ್ಚುವುದು, ಅಟ್ಟುವುದು, ಬಾಲ ಬಡಿಯುವುದು. ಜೊತೆಗೆ ನಡೆಯುವುದು, ಎದ್ದು ನಿಲ್ಲುವುದು, ಮೈ ನೆಕ್ಕಿಕೊಳ್ಳುವುದು, ಮೂಸುವುದು. ಬೇಸರದ ಕೆಲಸ, ನಿಧಾನಗತಿಯಲ್ಲಿ ನೋಡಬೇಕು. ಹೊಸದಾಗಿ ಬಂದ ವಿದ್ಯಾರ್ಥಿಗಳು ಕಡಿತ ಮಾತ್ರ ಎಣಿಸಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು.

ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಕೊಟ್ಟ ದಿನದ ವಿಡಿಯೋ ಹಾಕಿ ತೋರಿಸುತ್ತೇನೆ. ಕಡಿತ ಪೂರ್ತಿ ನಿಂತಿದೆ. ಆದರೆ ಯಜಮಾನ ಮೂಲೆಯಲ್ಲಿ ಕೂತಿದ್ದಾನೆ, ಹೊಸಬ ಮೈಮೇಲೆ ಹತ್ತಿ ಹೋದರೂ ಕದಲುವುದಿಲ್ಲ. ಈ ಔಷಧ ಮಿದುಳಿನ ರಾಸಾಯನಿಕವಾದ ಡೋಪಮಿನ್‌ನ ಕೆಲಸ ತಡೆದಾಗ ಜಗಳದ ಜೊತೆ ನಡಿಗೆಯೂ ಹೋಗಿದೆ. ಪಕ್ಕದಲ್ಲೇ ಎಲ್ಟೊಪ್ರಜಿನ್ ಕೊಟ್ಟ ಇಲಿ. ನೆದರ್ಲೆಂಡ್ಸಿನ ಡುಫಾರ್ ಕಂಪನಿಯಲ್ಲಿ ಸೆರೆನಿಕ್ (ಮಂಕು ಮಾಡದೆ ಸಿಟ್ಟು ಇಳಿಸುವುದು) ಅಂತ ಕರೆದ ಗುಂಪಿನ ಔಷಧ ಇದು, ಮಿದುಳಿನ ಇನ್ನೊಂದು ರಾಸಾಯನಿಕ ಸೆರೊಟೋನಿನ್‌ನ 1ಎ ಮತ್ತು 1ಬಿ ರಿಸೆಪ್ಟರುಗಳ (ಅದು ಬಂದು ಅಂಟುವ ಜಾಗಗಳ) ಮೇಲೆ ಕೆಲಸ ಮಾಡುತ್ತದೆ. ಈ ಇಲಿ ಹೊಸಬನ ಹತ್ತಿರ ಹೋಗುತ್ತದೆ, ಪಕ್ಕೆ ಮೂಸುತ್ತದೆ, ಸುತ್ತು ಹಾಕಿ ಬಂದು ಮತ್ತೆ ಮೂಸುತ್ತದೆ. ಬಾಲ ಸುಮ್ಮನಿದೆ. ಎರಡೂ ವಿಡಿಯೋದಲ್ಲಿ ಕಡಿತ ಸೊನ್ನೆ, ಆದರೆ ಕಥೆ ಪೂರ್ತಿ ಬೇರೆ. ಮನುಷ್ಯರ ಸಿಟ್ಟಿಗೆ ಮದ್ದಾಗಿ ಇದು ಮಾರುಕಟ್ಟೆಗೆ ಬರಲೇ ಇಲ್ಲ, ಅದು ಬೇರೆ ಮಾತು.

ಆಲ್ಕೋಹಾಲ್ ಇನ್ನೂ ತರಲೆ. ಡೋಸ್ ಜಾಸ್ತಿಯಾದರೆ ಇಲಿ ತೂರಾಡುತ್ತದೆ, ಜಗಳ ಇಳಿಯುತ್ತದೆ. ಮೈತೂಕದ ಕೆಜಿಗೆ 1 ಗ್ರಾಂ ಆಸುಪಾಸಿನಲ್ಲಿ ಕೆಲವು ಇಲಿಗಳು ಮಾಮೂಲಿಗಿಂತ ಜಾಸ್ತಿ ಕಚ್ಚುತ್ತವೆ, ಉಳಿದವಕ್ಕೆ ಏನೂ ಆಗುವುದಿಲ್ಲ. ಜಗಳ ಮತ್ತು ಔಷಧಗಳ ನಂಟನ್ನು ಅಧ್ಯಯನ ಮಾಡಿದ ವಿಜ್ಞಾನಿ ಕ್ಲಾಸ್ ಮಿಚೆಕ್ ಅವರ ತಂಡ ಇದನ್ನು ವರ್ಷಗಟ್ಟಲೆ ಬಿಡದೆ ತೋರಿಸಿತು. ಎಲ್ಲದರ ಸರಾಸರಿ ತೆಗೆದರೆ ಆ ಕೆಲವು ಇಲಿಗಳು ಕಾಣದೇ ಹೋಗುತ್ತವೆ. ಅದಕ್ಕೇ ನನ್ನ ಗ್ರಾಫಿನಲ್ಲಿ ಪ್ರತಿ ಇಲಿಗೂ ಅದರದೇ ಗೆರೆ. ಆತಂಕ ಇಳಿಸಲು ಕೊಡುವ ಡಯಜೆಪಾಮ್ ಜಾತಿಯ ಔಷಧಗಳಲ್ಲೂ ಇದೇ ಎಚ್ಚರ ಬೇಕು: ಕಡಿಮೆ ಡೋಸಿನಲ್ಲಿ ಜಗಳ ಏರುವುದುಂಟು.

ಜಗಳ ಇಲ್ಲದ ಕಡೆಯೂ ನೋಡಬೇಕು. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಅದೇ ಜಾತಿಯ ಆಕ್ಸಜೆಪಾಮ್ ಬೆರೆತ ನೀರಿನಲ್ಲಿ ಪರ್ಚ್ ಅನ್ನುವ ಸಿಹಿನೀರಿನ ಮೀನುಗಳನ್ನು ಬಿಟ್ಟಾಗ ಅವು ಧೈರ್ಯ ಮಾಡಿ ಮುಂದೆ ಬಂದವು, ಬೇಗ ಬೇಗ ತಿಂದವು, ಜೊತೆಯವರ ಹತ್ತಿರ ಇರುವುದನ್ನು ಕಡಿಮೆ ಮಾಡಿದವು. ಕಡಿತ ಎಣಿಸುತ್ತಾ ಕೂತಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ನನ್ನ ಕೀಬೋರ್ಡಿನಲ್ಲಿ "ದೂರ ಸರಿದದ್ದು" ಅನ್ನೋದಕ್ಕೂ ಒಂದು ಕೀ ಇದೆ.