ಸೆಲ್ಫ್‌ಟೆಸ್ಟ್ 'ಪಾಸ್ಡ್' ಅಂದರೂ ಡೇಟಾ ಕೆಡುತ್ತಿತ್ತು

ಜಯನಗರದ ಮನೆಯಲ್ಲಿ ಕೂತು ಲಿನಕ್ಸ್ ಓಡುವ ಒಂದು ಪುಟ್ಟ ಬೋರ್ಡ್‌ನ ಎಇಎಸ್ ಎಂಜಿನ್ (ಡೇಟಾವನ್ನು ಗೂಢಲಿಪಿಗೆ ತಿರುಗಿಸಿ, ಮತ್ತೆ ಬಿಡಿಸುವ ಹಾರ್ಡ್‌ವೇರ್) ಡ್ರೈವರ್ ತಿದ್ದುತ್ತಿದ್ದೆ. ಕರ್ನಲ್‌ನ ಕ್ರಿಪ್ಟೋ ಪಟ್ಟಿಯಾದ /proc/crypto ಫೈಲ್‌ನಲ್ಲಿ ಸೆಲ್ಫ್‌ಟೆಸ್ಟ್ (ಡ್ರೈವರ್ ಸರಿಯಿದೆಯಾ ಅಂತ ಕರ್ನಲ್ ತಾನೇ ಮಾಡುವ ಪರೀಕ್ಷೆ) 'ಪಾಸ್ಡ್' ಅಂತಲೇ ಇತ್ತು. ಆದರೂ ಸಿಬಿಸಿಯಲ್ಲಿ (ಪ್ರತಿ ಬ್ಲಾಕನ್ನು ಹಿಂದಿನ ಬ್ಲಾಕಿಗೆ ಕೊಂಡಿ ಹಾಕುವ ವಿಧಾನ) ತುಂಡುತುಂಡಾಗಿ ಡೀಕ್ರಿಪ್ಟ್ ಮಾಡಿದರೆ, ಎರಡನೆಯದರಿಂದ ಮುಂದೆ ಪ್ರತಿ ತುಂಡಿನ ಮೊದಲ 16 ಬೈಟ್, ಅಂದರೆ ಒಂದು ಬ್ಲಾಕ್, ಮಾತ್ರ ಕೆಡುತ್ತಿತ್ತು. ಎರಡು ರಾತ್ರಿ ಸುಮ್ನೆ ಡಿಎಂಎ ಕೋಡ್ (ಮೆಮೊರಿಗೂ ಹಾರ್ಡ್‌ವೇರಿಗೂ ನಡುವೆ ಡೇಟಾ ಸಾಗಿಸುವ ಭಾಗ) ಕೆದಕಿದೆ.

ಕೊನೆಗೆ ಕರ್ನಲ್ ಕಾನ್ಫಿಗ್ ನೋಡಿದೆ. ಸೆಲ್ಫ್‌ಟೆಸ್ಟ್‌ಗಳೇ ಆಫ್ ಆಗಿದ್ದವು! ಟೆಸ್ಟ್ ನಡೆಯದಿದ್ದರೂ ಆ ಪಟ್ಟಿಯಲ್ಲಿ 'ಪಾಸ್ಡ್' ಅಂತಲೇ ಬರುತ್ತದೆ. ಆನ್ ಮಾಡಿ ಬೂಟ್ ಮಾಡಿದ ತಕ್ಷಣ ಲಾಗ್‌ನಲ್ಲಿ ಔಟ್‌ಪುಟ್ ಐವಿ (ಮುಂದಿನ ತುಂಡು ಶುರುಮಾಡಲು ಬೇಕಾದ ಆರಂಭಿಕ ಮೌಲ್ಯ) ತಪ್ಪು ಅಂತ ಬಂತು.

ಸಿಬಿಸಿಯಲ್ಲಿ ಒಂದು ತುಂಡಿನ ಸೈಫರ್‌ಟೆಕ್ಸ್ಟ್‌ನ (ಗೂಢಲಿಪಿಯಲ್ಲಿರುವ ಡೇಟಾ) ಕೊನೆಯ ಬ್ಲಾಕ್ ಮುಂದಿನ ತುಂಡಿಗೆ ಐವಿ ಆಗಬೇಕು, ಅಲ್ವಾ? ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಒಂದೇ ಬಫರ್ ಇದ್ದರೆ ಡೀಕ್ರಿಪ್ಟ್ ಆಗುವಾಗ ಆ ಬ್ಲಾಕ್ ಅಳಿಸಿಹೋಗುತ್ತದೆ. ಹಾರ್ಡ್‌ವೇರಿಗೆ ಕೊಡುವ ಮೊದಲೇ ಅದನ್ನು ಬೇರೆ ಕಡೆ ನಕಲು ಮಾಡಿಟ್ಟೆ. ಆಮೇಲೆ ಎಕ್ಸ್‌ಟ್ರಾ ಟೆಸ್ಟ್‌ಗಳನ್ನೂ ಓಡಿಸಿದೆ, ಎಲ್ಲವೂ ಪಾಸಾದವು.