ಉದ್ರಿ ಪುಸ್ತಕ ನೋಡಿ ಕಂತು ವಸೂಲಿ: ಸಿಂಧನೂರಿನ ನನ್ನ ಇಂಟರ್ನ್‌ಶಿಪ್

ಕಿರಾಣಿ ಅಂಗಡಿಯವರ ಕಂತು ತಪ್ಪಿದರೆ ಅವರ ಸಾಲದ ಖಾತೆಯನ್ನಲ್ಲ, ಗಿರಾಕಿಗಳಿಗೆ ಸಾಲಕ್ಕೆ ಕೊಟ್ಟ ಸಾಮಾನು ಬರೆದಿಡುವ ಉದ್ರಿ ಪುಸ್ತಕವನ್ನು ನೋಡಬೇಕು. 2025ರ ಜನವರಿಯಿಂದ ಮಾರ್ಚ್‌ವರೆಗೆ ಸಿಂಧನೂರಿನ ಹಣಕಾಸು ಸಂಸ್ಥೆಯೊಂದರ ಶಾಖೆಯಲ್ಲಿ ಇಂಟರ್ನ್‌ಶಿಪ್ ಮಾಡಿದಾಗ ನಾನು ಹಿಡಿದ ದಾರಿ ಇದು. ಶಾಖೆಯಲ್ಲಿ ಯಾರೂ ಇದನ್ನು ನಂಬಲಿಲ್ಲ. ಬಳ್ಳಾರಿಯಲ್ಲಿ ನನ್ನೊಂದಿಗೆ ಎಂ.ಬಿ.ಎ. ಓದುತ್ತಿದ್ದವರು, ಬೆಂಗಳೂರಿನ ತಂಪು ಕಚೇರಿ ಬಿಟ್ಟು ವಸೂಲಿಗೆ ಹೋದೆಯಾ ಎಂದು ಕೇಳಿದರು. ಮಾರ್ಚ್ ಮುಗಿಯುವಾಗ ಇಡೀ ಶಾಖೆಯಲ್ಲಿ ನನ್ನ ಪಟ್ಟಿಯೇ ಮುಂದಿತ್ತು.

ನನಗೆ ಕೊಟ್ಟದ್ದು ಸುಮಾರು 120 ಖಾತೆಗಳ ಪಟ್ಟಿ. ಎಲ್ಲವೂ ಸಣ್ಣ ವ್ಯಾಪಾರದ ಸಾಲಗಳು: ಕಿರಾಣಿ, ಟಿಫಿನ್ ಹೋಟೆಲ್, ಹೊಲಿಗೆ, ಟ್ರ್ಯಾಕ್ಟರ್ ರಿಪೇರಿ, ಪಂಕ್ಚರ್ ಅಂಗಡಿ. ಕಂತು ಎರಡೂವರೆಯಿಂದ ನಾಲ್ಕು ಸಾವಿರ ರೂಪಾಯಿ. ಎಲ್ಲರಿಗೂ ಗಡುವು ಒಂದೇ, ಪ್ರತಿ ತಿಂಗಳ 5ನೇ ತಾರೀಖು. ಅಂದು ಖಾತೆಯಲ್ಲಿ ಹಣವಿಲ್ಲದಿದ್ದರೆ ನ್ಯಾಚ್, ಅಂದರೆ ಬ್ಯಾಂಕ್ ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆ, ಬೌನ್ಸ್. ಬ್ಯಾಂಕಿನದೊಂದು ಶುಲ್ಕ, ಸಂಸ್ಥೆಯದೊಂದು, ಎರಡೂ ಸೇರಿ ಏಳೆಂಟು ನೂರು. ಮೂರು ಸಾವಿರದ ಕಂತಿಗೆ ಎಂಟು ನೂರು ದಂಡ ತೆತ್ತ ಮೇಲೆ ಮುಂದಿನ ತಿಂಗಳಿಗೆ ಅವರ ಕೈಯಲ್ಲಿ ಏನು ಉಳಿಯುತ್ತದೆ? ನನ್ನ ಪಟ್ಟಿಯ ಅರ್ಧದಷ್ಟು ಜನ ಕಟ್ಟುವ ಮನಸ್ಸಿದ್ದೂ ಈ ಬೌನ್ಸಿನ ಸುಳಿಯಲ್ಲಿ ಸಿಕ್ಕಿದ್ದರು.

ಮೊದಲ ತಿಂಗಳು ಶಾಖೆಯ ಪದ್ಧತಿಯಂತೆಯೇ ನಡೆದೆ. 61ರಿಂದ 90 ದಿನ ಮೀರಿದ ಖಾತೆಗಳಿಗೆ ಮೊದಲು ಹೋಗಬೇಕು, ಏಕೆಂದರೆ 90 ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಲೆಕ್ಕಕ್ಕೆ. ಬೆಳಿಗ್ಗೆಯಿಂದ ಫೋನ್, ಮಧ್ಯಾಹ್ನದಿಂದ ಬೈಕ್. ಫೋನಿನಲ್ಲಿ "ನಾಳೆ ಕಟ್ಟುತ್ತೇನೆ" ಎಂದವರ ಮಾತನ್ನೆಲ್ಲ ಭರವಸೆಯ ಕಾಲಂನಲ್ಲಿ ತುಂಬಿದೆ. ನಾಲ್ಕರಲ್ಲಿ ಒಂದು ಭರವಸೆಯೂ ಹಣವಾಗಲಿಲ್ಲ. ಮಸ್ಕಿ ದಾರಿಯ ಒಂದು ಊರಿಗಂತೂ ಪದೇ ಪದೇ ಹೋಗಿ ಒಟ್ಟು ಒಂದೂವರೆ ಸಾವಿರ ತಂದೆ. ಅದಕ್ಕೆ ಸುಟ್ಟ ಪೆಟ್ರೋಲ್ ಆರೇಳು ನೂರು ರೂಪಾಯಿಯದು.

ದಾರಿ ತೋರಿಸಿದ್ದು ಒಂದು ಕಿರಾಣಿ ಅಂಗಡಿ. ಅಂಗಡಿಯಾಕೆಗೆ ಎರಡು ಕಂತು ಬಾಕಿ. ದುಡ್ಡು ಎಲ್ಲಿದೆ ನೋಡು ಎಂದು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಉದ್ದನೆಯ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಒಂದು ಮನೆಗೆ ಒಂದು ಪುಟ. ಚಹಾಪುಡಿ, ಎಣ್ಣೆ, ಬೆಲ್ಲ, ಸಾಬೂನು ಎಂದು ಆಗಸ್ಟ್‌ನಿಂದ ಇಳಿಯುತ್ತ ಬಂದ ಸಾಲು. ನವೆಂಬರ್, ಡಿಸೆಂಬರ್‌ನಲ್ಲಿ ಜಮಾ ಒಂದೂ ಇಲ್ಲ. ಜನವರಿ ಎರಡನೇ ವಾರ ಕಳೆದ ಮೇಲೆ ಪುಟದ ಮೇಲೆ ಪುಟ ಅಡ್ಡಗೆರೆ, ಪಕ್ಕದಲ್ಲಿ ಜಮಾ ನಾಲ್ಕು ಸಾವಿರ, ಜಮಾ ಆರು ಸಾವಿರ. ಹಿಂದಿನ ವರ್ಷಗಳ ಪುಸ್ತಕಗಳನ್ನೂ ಕೇಳಿ ತಿರುವಿದೆ. ನೀರು ಬಂದ ವರ್ಷಗಳಲ್ಲೆಲ್ಲ ಇದೇ ಚಿತ್ರ.

ನಮ್ಮ ಭಾಗದವರಿಗೆ ಇದರ ಕಾರಣ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕೊಯ್ದ ದಿನವೇ ರೈತನ ಕೈಗೆ ಹಣ ಬರುವುದಿಲ್ಲ. ವ್ಯಾಪಾರಿ ಕೊಡಲು ಮೂರು ನಾಲ್ಕು ವಾರ. ಬಂದದ್ದರಲ್ಲಿ ಮೊದಲು ಗೊಬ್ಬರ ಮತ್ತು ಔಷಧಿ ಅಂಗಡಿ, ಆಮೇಲೆ ಕೊಯ್ಲು ಯಂತ್ರದ ಬಾಡಿಗೆ, ಕೊನೆಗೆ ಕಿರಾಣಿ. ಎರಡನೇ ಬೆಳೆಯ ನಾಟಿ ಶುರುವಾಯಿತೆಂದರೆ ಉಳಿದದ್ದು ಮತ್ತೆ ಗದ್ದೆಗೆ ಹೋಗುತ್ತದೆ. ಕಿರಾಣಿಯವರ ಕೈ ತುಂಬುವ ಹೊತ್ತು ಇವೆರಡರ ನಡುವಿನ ಹದಿನೈದಿಪ್ಪತ್ತು ದಿನ ಮಾತ್ರ. ನಾವು ಆ ದಿನಗಳಲ್ಲಿ ಬೇರೆ ಊರಿನಲ್ಲಿ 90 ದಿನದ ಖಾತೆಯ ಬೆನ್ನು ಹತ್ತಿರುತ್ತಿದ್ದೆವು. ಮಾನ್ವಿ ಕಡೆಯ ಕೆಳಭಾಗದ ಊರುಗಳಿಗೆ ನೀರು ತಡ, ಕೊಯ್ಲು ತಡ, ಉದ್ರಿ ತೀರುವುದೂ ತಡ. ಹಾಗಾಗಿ ಪಟ್ಟಿಯನ್ನು ಬಾಕಿಯ ದಿನಗಳ ಲೆಕ್ಕದಿಂದ ಬಿಡಿಸಿ, ಉಪಕಾಲುವೆಯ ಲೆಕ್ಕದಲ್ಲಿ, ಅದರೊಳಗೆ ಕಸುಬಿನ ಲೆಕ್ಕದಲ್ಲಿ ಹೊಸದಾಗಿ ಜೋಡಿಸಿದೆ.

ವ್ಯವಸ್ಥಾಪಕರು ಒಪ್ಪಲಿಲ್ಲ. ಹತ್ತು ದಿನ ತಡವಾದವರ ಮನೆಗೆ ಮೊದಲು ಹೋಗುವುದು ಯಾವ ಲೆಕ್ಕ ಎಂದರು. ನನ್ನ ಉತ್ತರ ಇಷ್ಟೇ: ಹತ್ತು ದಿನದ ಬಾಕಿ ಇಂದು ತೀರಿದರೆ ಅದು ಮುಂದೆ 90 ಆಗುವುದೇ ಇಲ್ಲ. ಕಂತಿನ ದಿನಾಂಕ ಬದಲಿಸುವ ಅಧಿಕಾರ ಶಾಖೆಗಿರಲಿಲ್ಲ, ಅದನ್ನು ನಾನು ಕೇಳಲೂ ಇಲ್ಲ. ಬದಲಿಸಿದ್ದು ನಾವು ಹೋಗುವ ದಿನವನ್ನು. ಸಂತೆಯ ಮರುದಿನ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಅಂಗಡಿಗೆ ಹೋಗಿ, ಅಂದಿನ ಹಣದಲ್ಲಿ ಸಾವಿರವೋ ಎಂಟು ನೂರೋ ಅವರ ಬ್ಯಾಂಕ್ ಖಾತೆಗೇ ಹಾಕಿಸುವುದು. ನಾಲ್ಕು ಸಂತೆ ಕಳೆದರೆ 5ನೇ ತಾರೀಖಿಗೆ ಕಂತು ಖಾತೆಯಲ್ಲಿ ಸಿದ್ಧ. ಬೌನ್ಸ್ ನಿಂತಿತು. ಒಂದು ಬೌನ್ಸ್ ತಪ್ಪಿಸಿದ ಅಂಗಡಿಯವರು ಮುಂದಿನ ಸಲ ನಮ್ಮನ್ನು ಕಾಯುತ್ತ ಕೂತಿರುತ್ತಾರೆ.

ಆದರೆ ಅಪರಿಚಿತ ಹುಡುಗನಿಗೆ ಉದ್ರಿ ಪುಸ್ತಕವನ್ನು ಯಾರೂ ಸುಮ್ಮನೆ ತೋರಿಸುವುದಿಲ್ಲ. ಅವರಾಗಿಯೇ ತೆಗೆದು ಇಡುವಂತೆ ಮಾತು ಹೇಗೆ ಶುರು ಮಾಡಬೇಕು ಎಂಬುದನ್ನು ನಾನು ಬರೆಯುವುದಿಲ್ಲ. ಅದು ನನ್ನ ಮುಂದಿನ ಕೆಲಸದ ಬಂಡವಾಳ.

ಎಲ್ಲ ಕಸುಬಿಗೂ ಈ ಲೆಕ್ಕ ನಡೆಯಲಿಲ್ಲ. ಹೊಲಿಗೆಯವರಿಗೆ ಫೆಬ್ರುವರಿ ಪೂರ್ತಿ ಬರಗಾಲ. ಆ ವರ್ಷ ಯುಗಾದಿ ಮಾರ್ಚ್ 30, ರಂಜಾನ್ ಮರುದಿನ. ಮಾರ್ಚ್ ಮೂರನೇ ವಾರ ಅವರ ಹತ್ತಿರ ಹೋದಾಗ ಎರಡೆರಡು ಕಂತು ಒಟ್ಟಿಗೆ ಸಿಕ್ಕವು. ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳ ಲೆಕ್ಕ ಮಾತ್ರ ನನಗೆ ಕೊನೆಯವರೆಗೂ ಕೂಡಲಿಲ್ಲ. ಅವರಿಗೂ ರೈತರೇ ಬಾಕಿ, ಆದರೆ ಪುಸ್ತಕವೇ ಇಲ್ಲ, ಎಲ್ಲವೂ ಬಾಯಿಲೆಕ್ಕ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಸಂಸ್ಥೆ ಕಳಿಸುವ ಇಂಗ್ಲಿಷ್ ಸಂದೇಶವನ್ನು ಯಾರೂ ಓದುವುದಿಲ್ಲ. ಗಡುವಿಗೆ ಮೂರು ದಿನ ಮೊದಲು ನನ್ನದೇ ದನಿಯಲ್ಲಿ, ಹೆಸರು ಹಿಡಿದು, ಅರ್ಧ ನಿಮಿಷದ ಸಂದೇಶ ಕಳಿಸತೊಡಗಿದೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪ್‌ಗಳಿಗೆ ತೆಲುಗಿನಲ್ಲಿ ಕಳಿಸಿದೆ. ಬಳ್ಳಾರಿಯವನಾದ್ದರಿಂದ ತೆಲುಗು ನನಗೆ ಸಲೀಸು. ಬಂಗಾಳಿಗಳಿರುವ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಿಗೆ ಅಲ್ಲಿನ ಔಷಧಿ ಅಂಗಡಿಯ ಹುಡುಗನೊಬ್ಬ ಬಂಗಾಳಿಯಲ್ಲಿ ಹೇಳಿಕೊಟ್ಟ. ತೆಲುಗಿನದು ಚೆನ್ನಾಗಿ ಫಲಿಸಿತು. ಬಂಗಾಳಿಯದಕ್ಕೆ ಉತ್ತರಗಳು ಬಂದವು, ಆದರೆ ನನಗೆ ಅರ್ಥವಾಗುತ್ತಿರಲಿಲ್ಲ, ಕೈಬಿಟ್ಟೆ.

ಫೆಬ್ರುವರಿ 12ರಂದು ಕಿರುಸಾಲ ಸುಗ್ರೀವಾಜ್ಞೆಗೆ ರಾಜ್ಯಪಾಲರ ಅಂಕಿತ ಬಿತ್ತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಕಿರುಕುಳಕ್ಕೆ ಹೆದರಿ ಜನ ಊರು ಬಿಡುತ್ತಿದ್ದ ಸುದ್ದಿ ದಿನವೂ ಬರುತ್ತಿದ್ದ ಕಾಲ, ಕಾನೂನು ಬೇಕೇ ಇತ್ತು. ಆದರೆ ಸಾಲವೇ ಮನ್ನಾ ಆಯಿತು ಎಂಬ ಗಾಳಿಮಾತು ಊರೂರಿಗೆ ಹಬ್ಬಿತು. ನಮ್ಮ ಶಾಖೆಯವರು ಒಂದು ವಾರ ಹೊರಗೆ ಕಾಲಿಡಲಿಲ್ಲ. ನಾನು ಮಾತ್ರ ಎಂದಿನಂತೆ ಸಂತೆಯ ಮರುದಿನ ಹೋದೆ. ಯಾರ ಮನೆಯ ಮುಂದೂ ನಾನು ದನಿ ಎತ್ತಿದವನಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದವನಲ್ಲ. ಕೂರಿಸಿ ಚಹಾ ಕೊಟ್ಟರು, ಖಾತೆಗೆ ಹಣವನ್ನೂ ಹಾಕಿದರು. ವ್ಯವಸ್ಥಾಪಕರ ಮನಸ್ಸು ತಿರುಗಿದ್ದು ಆ ವಾರದ ಅಂಕಿ ನೋಡಿ.

ನೆನಪಿನಿಂದ ಹೇಳುವುದಾದರೆ, 120ರಲ್ಲಿ ಎಪ್ಪತ್ತಕ್ಕೂ ಹೆಚ್ಚು ಖಾತೆ ಮಾರ್ಚ್ ಕೊನೆಗೆ ಬಾಕಿಯಿಲ್ಲದೆ ನಿಂತವು. ಒಟ್ಟು ಬಂದದ್ದು ಐದಾರು ಲಕ್ಷ. 90 ದಾಟಿದ್ದ ಹದಿನೈದು ಖಾತೆಗಳಲ್ಲಿ ಎರಡು ಮೂರು ಮಾತ್ರ ಮರಳಿದವು, ಅಲ್ಲಿ ಯಾವ ಪುಸ್ತಕವೂ ನೆರವಾಗಲಿಲ್ಲ.

ನನಗೆ ಸಿಕ್ಕದ್ದು ತಿಂಗಳಿಗೆ ಏಳು ಸಾವಿರ. ಪಾಲಿನ ಕೋಣೆಗೆ ಎರಡು ಸಾವಿರ, ಊಟಕ್ಕೆ ಮೂರು, ಪೆಟ್ರೋಲಿಗೆ ಎರಡೂವರೆಗೆ ಕಡಿಮೆಯಿಲ್ಲ. ಕೂಡಿಸಿ ನೋಡಿ, ಮನೆಯಿಂದ ತರಿಸದೆ ನಡೆಯಲಿಲ್ಲ. ಪೆಟ್ರೋಲ್ ಭತ್ಯೆ ಬೇರೆ ಕೊಡುತ್ತೇವೆ ಎಂದು ಬಾಯಲ್ಲಿ ಹೇಳಿದ್ದರು. ಅದು ಜೂನ್‌ನಲ್ಲಿ ಬಂತು, ಅದೂ ಮಾರ್ಚ್ ತಿಂಗಳದ್ದು ಮಾತ್ರ. ಈ ವರ್ಷ ಸಿಂಧನೂರು, ಗಂಗಾವತಿ ಕಡೆಯ ಶಾಖೆಗಳಿಗೆ ಹೋಗುವವರು ಕಿಲೋಮೀಟರಿಗೆ ಎಷ್ಟು ಎಂಬುದನ್ನು ಸೇರುವ ಮೊದಲೇ ಪತ್ರದಲ್ಲಿ ಬರೆಸಿಕೊಳ್ಳಿ, ಬೈಕಿನ ಮೀಟರ್‌ನ ಚಿತ್ರವನ್ನು ದಿನವೂ ಬೆಳಿಗ್ಗೆ ಸಂಜೆ ತೆಗೆದಿಡಿ.